ಬಾಂವಿ ಮ್ಯಾಲಿನ ಟೇಬಲ್

ನಗಾಕತ್ತೀರಿ? ನಗ್ರಿ. ಒಂದ ಕಪ್ ಕಾಫಿ ತೊಗೊಂಡು ಮೂರ ತಾಸ ಕುಂಡ್ರೋ ಕಾಲೇಜ ಮಂದಿ ನೀವು, ನನ್ನ ಮಾತ ನಿಮಗ ನಗಿನ ಬರ್ತೈತಿ. ಕರೆಂಟ್ ಬರೋತನಕ ಬಾಯಿ ಮುಚ್ಚಿ ಕೇಳ್ರಿ. ಇದು ನಮ್ಮ ಕಾಕಾನ ಮಗ ಸುಮೇಧಗ ಆಗಿದ್ದು. ಇಲ್ಲೇ, ಅಥಣಿ ಕಾಲೇಜ ರೋಡಿನ್ಯಾಗ.

ಒಂದ ರಾತ್ರಿ ತನ್ನ ಕಾಫಿ ಅಂಗಡಿ ಶಟರ್ ಎಳದು, ಹಿಂದಿನ ಆಲದ ಮರದ ಕೆಳಗಿಂದ ಮನಿಗೆ ಹೊಂಟಿದ್ದ ಅಂವ. ಬೆನ್ನ ಹಿಂದ ಸಪ್ಪಳ... ಕಿರ್ರ್... ಕಿರ್ರ್... ಬಾಂವಿ ಗಡಗಡಿ ತಿರುಗಿದ ಸಪ್ಪಳ. ಕೀಲಿ ಹಾಕಿದ ಅಂಗಡಿ ಒಳಗಿಂದ! ಆ ಗಡಗಡಿನ ತಾನ ಕೈಯಾರೆ ಗುಜರಿಗೆ ಹಾಕಿದ್ದ ಆ ಶಾಣ್ಯಾ. ತಿರುಗಿ ಸೈತ ನೋಡ್ಲಿಲ್ಲ, ಓಡಿದ.

ಅಂಗಡಿ ಇರೋ ಜಾಗಾದಾಗ ಮೊದಲ ನಮ್ಮ ಆಯಿ, ಅಪ್ಪನ ಅವ್ವ, ಕಮಲಾಬಾಯಿದು ಬಾಂವಿ ಇತ್ತು. ಕಾಲೇಜ ಹುಡುಗೂರು ಸೈಕಲ್ ನಿಲ್ಲಿಸಿ ಅಲ್ಲೇ ನೀರ ಕುಡೀತಿದ್ರು. ನಾವು ಜೈನರು, ಸೋಸದ ನೀರ ಮುಟ್ಟಂಗಿಲ್ಲ. ಆಯಿ ಎರಡ ಪದರ ಅರಿವ್ಯಾಗ ಸೋಸಾಕಿ. ಆಮ್ಯಾಲೆ ಅರಿವಿ ತಿರುವಿ, ಅದರಾಗ ಉಳದ ಸಣ್ಣ ಸಣ್ಣ ಜೀವಾ ಬಿಂದಿಗ್ಯಾಗ ತೊಳದು, ಮೆಲ್ಲಕ ವಾಪಸ್ ಬಾಂವಿಗೆ ಇಳಸಾಕಿ. ಎಲ್ಲಿಂದ ಬಂದಾವ ಅಲ್ಲೇ ಹೋಗ್ಬೇಕು ಅನ್ನಾಕಿ. ಸಾಯೋ ಮುಂದ ಸುಮೇಧನ ಕೈ ಹಿಡದು, "ಬಾಂವಿ ಬಾಯಿ ಮುಚ್ಚಬ್ಯಾಡೋ ಸುಮ್ಯಾ" ಅಂದ್ಲು. "ಹೂಂ ಆಯಿ" ಅಂದ. ನಾ ಅಲ್ಲೇ ಇದ್ನಿ.

ಆಯಿ ತೀರಿಕೊಂಡ ವರ್ಷನ ಬಾಂವಿ ಬತ್ತಿತು. ಇಂವ ನಿಪ್ಪಾಣ್ಯಾಗ ಅರಿವಿ ಅಂಗಡಿ ಮುಳುಗಿಸಿದ್ದ, ರಾಯಬಾಗದಾಗ ಮೊಬೈಲ್ ಅಂಗಡಿ ಮುಳುಗಿಸಿದ್ದ. "ಇದೂ ಮುಳುಗಿದ್ರ ಸುಮ್ಮ ದ್ರಾಕ್ಷಿ ತ್ವಾಟಕ್ಕ ನಡಿ" ಅಂತ ಕಾಕಾ ಖಡಕ್ಕಾಗಿ ಹೇಳಿಬಿಟ್ಟಿದ್ದ. ಇಂವಗ ಮಣ್ಣ ಮುಟ್ಟಿದ್ರ ಮೈ ತುರಸ್ತೈತಿ. ಕಾಫಿ ಅಂಗಡಿ ತಗ್ಯಾಕ ಬಾಂವಿ ಮ್ಯಾಲೆ ಸ್ಲ್ಯಾಬ್ ಹಾಕಿಸಿದ. ಒಂದ ಗೇಣ ತೂತಾರ ಬಿಡೋ ಅಂದ್ನಿ. "ಅಕ್ಕಾ, ಚಂದ ಕಾಣಂಗಿಲ್ಲ" ಅಂದ. ಚಂದ ಅಂತ, ಚಂದ! ಸರೀ ಬಾಂವಿ ಬಾಯಿ ಮ್ಯಾಲೆ ಒಂದ ದುಂಡ ಟೇಬಲ್, ಮ್ಯಾಲೆ ಜೋತಾಡೋ ದೀಪ, ಗ್ವಾಡಿ ಮ್ಯಾಲೆ ಇಂಗ್ಲೀಷ ಬರಹ. ಫೋಟೋ ಹೊಡಕೊಳ್ಳಾಕ ಅದ ಟೇಬಲ್ಲಿಗೆ ನಿಮ್ಮಂಥಾವ್ರ ಜಗಳ. ಕುಡ್ಯಾಕ ನೀರ ಕೇಳಿದ್ರ, "ಬಾಟ್ಲಿ ತೊಗೋರಿ" ಅಂತಾನ... ಆಯಿ ಜಾಗಾದಾಗ ಕುಂತು. ಥೂ!

ಆ ಸಪ್ಪಳ ಕೇಳಿ ಓಡಿದ ಮರದಿನ ಮುಂಜಾನೆ ಶಟರ್ ತಗದ. ಬೋರಲ ಹಾಕಿದ್ದ ಕಪ್ಪೆಲ್ಲಾ ಅಂಗಾತ ನಿಂತಾವ. ಒಂದೊಂದರಾಗೂ ಎರಡ ಬೆರಳಷ್ಟ ನೀರು. ಪಾಚಿ ವಾಸನಿ. ನೀರಾಗ ಏನೋ ಸಣ್ಣಂದು... ಓಡ್ಯಾಡಾಕತ್ತಿತ್ತು.

ಕಾಲೇಜ ಹುಡುಗೂರ ಕಿತಾಪತಿ ಅಂದ್ಕೊಂಡು ತೊಳದ. ಮತ್ತ ಮರದಿನನೂ ಹಂಗ. ಮೂರನೇ ದಿನ ಯಾವಾಕೋ ಹುಡುಗಿ ಕಾಫ್ಯಾಗ ಹುಳಾ ಕಂಡು ವಿಡಿಯೋ ಮಾಡಿ ಹಾಕಿದ್ಲು. ಆತು, ಸಂಜಿಗೆ ಅಂಗಡಿ ಖಾಲಿ. ದ್ರಾಕ್ಷಿ ತ್ವಾಟ ಕಣ್ಣ ಮುಂದ ಬಂತು. ಕಳ್ಳನ್ನ ಹಿಡೀತೇನಿ ಅಂತ ಆ ರಾತ್ರಿ ದೀಪ ಆರಿಸಿ ಒಳಗ ಕುಂತ ಆ ಧೀರ.

ಕಿರ್ರ್... ಕಿರ್ರ್... ಗಡಗಡಿ ನಿಂತಿತು. ತೊಟ್... ತೊಟ್... ನೀರ ಸೋರೋ ಸಪ್ಪಳ. ಫಟ್... ಹಸಿ ಅರಿವಿ ಝಾಡಿಸಿದ ಸಪ್ಪಳ. ಆಮ್ಯಾಲೆ, ಕಿವಿ ಬಾಜೂಕ, ಪಿಸುಮಾತು.

"ಸುಮ್ಯಾ... ಇವನ್ನ ಎಲ್ಲಿ ಬಿಡ್ಲಿ?"

ಇಂವ ಟೇಬಲ್ ಹಿಡಕೊಂಡು ಅಂದ, "ಆಯಿ... ಬಾಂವಿ ಬತ್ತೈತಿ..."

"ನಾ ಕೇಳಿದ್ದು ಅದಲ್ಲ."

ಕಪಾಟದಾಗ ಟಿಣ್... ಟಿಣ್... ಟಿಣ್... ಕಪ್ ಒಂದೊಂದ ಅಂಗಾತ ಆದ್ವು.

ಹೊತ್ತ ಹೊಂಡೂದಕ್ಕ ನನ್ನ ಮನಿ ಬಾಗಲದಾಗ ಅಳಕೋತ ನಿಂತಿದ್ದ. ಎಲ್ಲಾ ಹೇಳಿದ. ಅವತ್ತ ಸ್ಲ್ಯಾಬ್ ಒಡಿಸಿದ್ವಿ, ಒಂದ ಗೇಣ ತೂತ. ಮ್ಯಾಲೆ ಸ್ಟೀಲಿನ ಮುಚ್ಚಳ. ಅವತ್ತಿಂದ ಕಪ್ ಹಾಕಿದ್ದು ಹಾಕಿದಂಗ. ವಾರದಾಗ ಗಿರಾಕಿ ವಾಪಸ್ ಬಂದ್ರು, ನಿಮಗೇನು ನಾಚಿಕಿ? ಅದೇನ್ರಿ ತೂತು ಅಂತ ಕೇಳಿದ್ರ, "ಡಿಸೈನ್ ಐತ್ರಿ" ಅಂತಾನ. ಆಯಿ ಮಾತಿಗಲ್ಲ, ಗಿರಾಕಿ ಆಸಿಗೆ ಒಡಿಸಿದ್ದು, ಬರಕೋರಿ. ನೀರ ಮಾತ್ರ ಇನ್ನೂ ಬಾಟ್ಲೀನ.

ಹೋದ ವಾರ ಹೋಗಿದ್ನಿ. "ಟೇಬಲ್ ಸರಸೋ" ಅಂದು, ಮುಚ್ಚಳ ತಗದು ಒಂದ ಕಲ್ಲ ಒಗದ್ನಿ. ಠಕ್ ಅಂತು. ತಳಾ ಒಣಾ ಒಣಾ ಐತಿ, ಒಂದ ಹನಿ ನೀರಿಲ್ಲ.

ಮುಚ್ಚಳ ತಿರುವಿ ನೋಡಿದ್ನಿ. ಒಳಗಿನ ಮೈ ತೊಯ್ದಿತ್ತು, ಅದ ಪಾಚಿ ವಾಸನಿ.

ಸುಳ್ಳಂತೀರಿ? ನಾಳೆ ಹೆಂಗೂ ಅಲ್ಲೇ ಹೋಗಿ ಬೀಳ್ತೀರಿ. ಕೈ ಹಚ್ಚಿ ನೋಡ್ರಿ.