ಅಳಿಸಿದರೂ ಹೋಗದ ಸಾಲು

ಮೆಲ್ಲಗೆ ಹೇಳ್ತೀನಿ, ಚಿಕ್ಕಮ್ಮ ಒಳಗೆ ಮಲಗಿದ್ದಾಳೆ... ಇದು ಅವಳ ಮಗಳಿಗೇ ಆದದ್ದು.

ಕೆಲಸ ಮುಗಿಸಿ ತಂಗಿ ಒಬ್ಬಳೇ ನಡ್ಕೊಂಡು ಬರ್ತಿದ್ಲು. ಹಾಳು ಬಾವಿ ಹತ್ರ ಬಂದಾಗ ಸದ್ದು. ಟಕ್... ಟಕ್... ಕಪ್ಪೆಯಲ್ಲ, ನೀರೂ ಅಲ್ಲ. ಕೀಬೋರ್ಡ್ ಮೇಲೆ ಒಂದೇ ಬೆರಳು ಅಕ್ಷರ ಹುಡುಕಿ ಹುಡುಕಿ ಒತ್ತೋ ಸದ್ದು. ಆಮೇಲೆ ಕಿವಿ ಪಕ್ಕದಲ್ಲೇ ಪಿಸುಮಾತು.

"ಅಳಿಸ್ಬೇಡಮ್ಮಾ... ಮನೆ ನಂಬರ್ ಒಂದೇ ಬಾಕಿ."

ಆ ಮಾತಿನಿಂದಲೇ ಯಾರು ಅಂತ ಅವಳಿಗೆ ಗೊತ್ತಾಯ್ತು.

ಅವಳ ಕಂಪನಿಯದ್ದು ಆಂಬುಲೆನ್ಸ್ ಕರೆಸೋ ವೆಬ್‌ಸೈಟು. ಜನ ತುಂಬ್ತಾ ಇರೋ ಹೆಸರು, ವಿಳಾಸ ಮೊದಲು ತಾತ್ಕಾಲಿಕ ಟೇಬಲ್‌ನಲ್ಲಿ, ಅಂದ್ರೆ ಕಂಪ್ಯೂಟರ್ ಒಳಗಿನ ಕಚ್ಚಾ ಪಟ್ಟಿಯಲ್ಲಿ, ಒಬ್ಬೊಬ್ಬರದ್ದು ಒಂದೊಂದು ಸಾಲಾಗಿ ಕೂರುತ್ತೆ. ಪೂರ್ತಿ ತುಂಬಿದ್ರೆ ಮಾತ್ರ ಅಸಲಿ ಟೇಬಲ್‌ಗೆ ಹೋಗೋದು. ಅರ್ಧಕ್ಕೆ ಬಿಟ್ಟದ್ದನ್ನ ಗುಡಿಸಿಹಾಕೋ ಕೆಲಸ ಇವಳದ್ದು. ಸರ್ವರ್ ನಿಧಾನ ಆಯ್ತು ಅಂತ ಮ್ಯಾನೇಜರ್ ಅಂದ, "ಎರಡೇ ನಿಮಿಷಕ್ಕೆ ಅಳಿಸಿಬಿಡು."

"ಸರ್, ವಯಸ್ಸಾದವರು ನಿಧಾನವಾಗಿ..."

"ಹೇಳಿದಷ್ಟು ಮಾಡಮ್ಮ."

ಮಾಡಿದ್ಲು. ಒಬ್ರು ಮುದುಕರು, ಎದೆನೋವು, ಮನೇಲಿ ಒಬ್ರೇ. ತುಂಬಿದ್ದೇ ತುಂಬಿದ್ದು. ತುಂಬಿದಷ್ಟೂ ಅಳಿಸಿಹೋಯ್ತು. ಕಂಪ್ಯೂಟರ್ ಮುಂದೆ ಕೂತಲ್ಲೇ ಹೋಗಿಬಿಟ್ರು. ಅವರ ಮಗಳು ಆಫೀಸಿಗೆ ಬಂದು ಅತ್ತಾಗ ಮ್ಯಾನೇಜರ್ ತಣ್ಣಗೆ ಅಂದ, "ನಮ್ಮಲ್ಲಿ ಅವರ ಹೆಸರೇ ಇಲ್ಲ. ಅಂದ್ಮೇಲೆ ಅವರು ಆಂಬುಲೆನ್ಸ್ ಕೇಳೇ ಇಲ್ಲ." ತಂಗಿ ಪಕ್ಕದಲ್ಲೇ ಇದ್ಲು. ಮುಖ ತಿರುಗಿಸಿ ಸ್ಕ್ರೀನ್ ಕಡೆ ನೋಡಿದ್ಲು.

ಬಾವಿ ಹತ್ರ ದನಿ ಕೇಳಿದ್ದು ಅವತ್ತೇ ರಾತ್ರಿ.

ಮರುದಿನ ನೋಡ್ತಾಳೆ... ತಾತ್ಕಾಲಿಕ ಟೇಬಲ್‌ನಲ್ಲಿ ಒಂದೇ ಒಂದು ಸಾಲು. ಆ ಮುದುಕರ ಹೆಸರು, ಬೀದಿ. ಮನೆ ನಂಬರ್ ಖಾಲಿ. ಅಳಿಸಿದ್ಲು. ಬಂತು. ಮ್ಯಾನೇಜರ್‌ನ ಕರೆದ್ಲು. ಅವನು ಟೇಬಲ್ಲನ್ನೇ ಕಿತ್ತುಹಾಕಿದ. ಟೇಬಲ್ಲೂ ಬಂತು, ಸಾಲೂ ಬಂತು.

"ಯಾರಿಗೂ ಹೇಳ್ಬೇಡ..." ಅಂದ.

"ಹೇಳ್ತೀನಿ ಸರ್."

ಹೋಗಿ ಆ ಮಗಳಿಗೆ ನಡೆದದ್ದೆಲ್ಲ ಹೇಳಿದ್ಲು. ಬಂದದ್ದೇನು? ಇವಳ ಕೆಲಸ ಹೋಯ್ತು, ಮ್ಯಾನೇಜರ್‌ಗೆ ಬಡ್ತಿ ಸಿಕ್ತು. ಅಲ್ಲಿ ಈಗಲೂ ಎರಡೇ ನಿಮಿಷಕ್ಕೆ ಅಳಿಸ್ತಾರೆ.

ಕೆಲಸ ಹೋದ ಮಾರನೇ ಬೆಳಗ್ಗೆ ಚಿಕ್ಕಮ್ಮ ಬಾಗಿಲು ತೆಗೆದ್ರೆ, ತಂಗಿ ಚಪ್ಪಲಿ ಪಕ್ಕ ಇನ್ನೊಂದು ಜೊತೆ. ಗಂಡಸರದ್ದು, ವಯಸ್ಸಾದವರು ಹಾಕೋ ಥರದ್ದು, ಹಿಮ್ಮಡಿ ಸವೆದದ್ದು. ಈ ಮನೇಲಿ ಗಂಡಸರೇ ಇಲ್ಲ. ಎಸೆಯೋಕೆ ಯಾರಿಗೂ ಕೈ ಬಂದಿಲ್ಲ... ನಗಬೇಡಿ. ಹೊರಗೇ ಇದೆ, ಹೋಗುವಾಗ ತುಳಿಯದೆ ಹೋಗಿ.