ಸೋಮವಾರದ ಟಿಕೆಟ್

ಇಷ್ಟು ಹೊತ್ತು ದಾನದ ಮಾತಾಯಿತು. ಕೊಡುವುದು ದೊಡ್ಡ ಗುಣ, ಇಲ್ಲವೆನ್ನುವವರು ಯಾರು? ಆದರೆ ನೋಡಿ, ಕೊಡುವ ಕೈ ಕೆಲವೊಮ್ಮೆ ತೆಗೆದುಕೊಳ್ಳುವವರ ಬಾಯಿಯನ್ನೇ ಮುಚ್ಚಿಬಿಡುತ್ತದೆ. ಅದು ಹೇಗೆ? ಒಂದು ಕಥೆ ಕೇಳಿ. ಹಿಂದೆ ಕಂಬದ ಬಳಿ ಕುಳಿತವರಿಗೆ ಕೇಳಿಸುತ್ತಿದೆ ತಾನೆ? ಇಲ್ಲವಾದರೆ ಮುಂದೆ ಬನ್ನಿ, ಜಾಗವಿದೆ.

ಯಾವುದೋ ಒಂದು ಊರು ಎಂದಿಟ್ಟುಕೊಳ್ಳಿ. ಅಲ್ಲೊಬ್ಬ ಸಾಹುಕಾರ. ಹೆಸರು ಬೇಡ. ಹೆಸರು ಹೇಳಿದರೆ ಅದೇ ಹೆಸರಿನವರು ನಿಮ್ಮಲ್ಲಿ ಇಬ್ಬರು ಸಿಗುತ್ತಾರೆ, ಪ್ರಸಾದಕ್ಕೂ ನಿಲ್ಲದೆ ಹೊರಟುಬಿಡುತ್ತಾರೆ. ಈ ಸಾಹುಕಾರನಿಗೆ ಎಲ್ಲದರಲ್ಲೂ ಮುಂಗಡ. ಮಾವು ಹೂ ಬಿಡುವ ಮೊದಲೇ ಹಣ್ಣಿಗೆ ಹೇಳಿಡುವವನು. ಮಗನಿಗೆ ಹೆಣ್ಣು ಗೊತ್ತಾಗುವ ಮೊದಲೇ ಕಲ್ಯಾಣಮಂಟಪ ಹಿಡಿದವನು. "ಕೈಲಾಸದಲ್ಲೂ ಕಿಟಕಿ ಸೀಟು ಬುಕ್ ಮಾಡಿಸಿದಾನೆ ಕಣಯ್ಯ" ಎಂದು ಊರವರು ನಗುತ್ತಿದ್ದರು.

ಅವನ ಮನೆಯಲ್ಲಿ ಅವನ ಅಕ್ಕ ಇದ್ದಳು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಆಸರೆಗೆ ಬಂದವಳು. ಊಟಕ್ಕೆ, ಬಟ್ಟೆಗೆ, ಔಷಧಿಗೆ ತಮ್ಮ ಒಂದು ದಿನವೂ ಕಡಿಮೆ ಮಾಡಿದವನಲ್ಲ. ತಪ್ಪು ತಿಳಿಯಬೇಡಿ, ಅವನು ಒಳ್ಳೆಯವನೇ. ಈ ಕಥೆ ಒಳ್ಳೆಯವರದ್ದು, ಅದಕ್ಕೇ ನಿಮಗೆ ಹೇಳುತ್ತಿರುವುದು.

ಅಕ್ಕನಿಗೆ ಒಂದೇ ಒಂದು ಆಸೆ ಉಳಿದಿತ್ತು. ಉತ್ತರದ ಕಡೆ ಒಂದು ದೊಡ್ಡ ಗುಮ್ಮಟವಿದೆ. ಅದರೊಳಗೆ ನಿಂತು ಕೂಗಿದರೆ ನಮ್ಮ ದನಿ ನಮ್ಮ ಬಳಿಗೇ ಮತ್ತೆ ಮತ್ತೆ ತಿರುಗಿ ಬರುತ್ತದೆ. ಶಾಲೆಯಲ್ಲಿದ್ದಾಗ ಪ್ರವಾಸಕ್ಕೆಂದು ಅವಳನ್ನು ಅಲ್ಲಿಗೆ ಕರೆದೊಯ್ದಿದ್ದರು. ಗಂಡುಮಕ್ಕಳು ಗಂಟಲು ಹರಿಯುವಂತೆ ಕೂಗಿದರು. ಹೆಣ್ಣುಮಕ್ಕಳು ಬಾಯಿ ತೆರೆದಾಗ ಮೇಷ್ಟರು, "ಹುಡುಗೀರು ಹಂಗೆಲ್ಲ ಕಿರುಚಬಾರದು, ಸಾಲಾಗಿ ಇಳೀರಿ" ಎಂದರು. ಇಳಿದಳು. ಆ ಕೂಗು ಇವಳ ಗಂಟಲಲ್ಲೇ ಉಳಿಯಿತು.

ಈಗ ವಯಸ್ಸಾಗಿತ್ತು. ಎಡಗಿವಿ ಪೂರ್ತಿ ಮುಚ್ಚಿತ್ತು. ಬಲಗಿವಿಯೂ ದಿನದಿನಕ್ಕೆ ಮಂದವಾಗುತ್ತಿದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅಲ್ಲಿಂದ ಮನೆಗೆ ಬರುವಾಗ ಕಾರಿನಲ್ಲಿ ಅವಳು ತನ್ನಷ್ಟಕ್ಕೆ ತಾನೇ ಎಂಬಂತೆ ಅಂದಳು, "ಒಂದ್ಸಲ ಆ ಗುಮ್ಮಟದಲ್ಲಿ ಕೂಗಿ ನನ್ ದನಿ ನಾನು ಕೇಳಬೇಕಿತ್ತು."

ತಮ್ಮನ ಕಣ್ಣು ತುಂಬಿತು. ಮನೆ ಬಾಗಿಲು ದಾಟುವಷ್ಟರಲ್ಲಿ ಫೋನು ಕೈಗೆ ಬಂತು. ಅಲ್ಲಿಗೀಗ ಹೋದವರನ್ನೆಲ್ಲ ಒಟ್ಟಿಗೆ ಬಿಡುವುದಿಲ್ಲವಂತೆ. ಮುಂಚೆಯೇ ದಿನ, ಹೊತ್ತು ಆರಿಸಿ ಟಿಕೆಟ್ ತೆಗೆದುಕೊಳ್ಳಬೇಕು. ಮುಂಗಡದ ಮಹಾರಾಯನಿಗೆ ಇದಕ್ಕಿಂತ ಹಬ್ಬ ಬೇಕೆ?

"ಅಕ್ಕಾ, ನಿನ್ ವಯಸ್ಸೆಷ್ಟು?" ಎಂದ. ಅವಳು ಲೆಕ್ಕ ಹಾಕುವಷ್ಟರಲ್ಲಿ ತಾನೇ ಒಂದು ಸಂಖ್ಯೆ ತುಂಬಿಸಿದ. "ಆಯ್ತು! ಬರೋ ತಿಂಗಳು ಸೋಮವಾರ, ಬೆಳಗ್ಗೆ ಮೊದಲನೇ ಬ್ಯಾಚು. ಒಂದು ನರಪಿಳ್ಳೆನೂ ಇರಲ್ಲ. ಗುಮ್ಮಟ ಪೂರ್ತಿ ನಿನ್ನದೇ!"

"ಸೋಮವಾರಾನೇನೋ? ಅವತ್ತು ನಾನು..."

"ಭಾನುವಾರ ಸಂತೆ ಥರ ಇರುತ್ತಕ್ಕಾ. ಸೋಮವಾರಾನೇ ಸರಿ. ನೀನು ಏನೂ ತಲೆ ಕೆಡಿಸ್ಕೋಬೇಡ, ಎಲ್ಲಾ ನಾನು ನೋಡ್ಕೊಂಡಿದೀನಿ."

ನೋಡಿ, ಅಕ್ಕನಿಗೆ ಒಂದು ನೇಮವಿತ್ತು. ಗಂಡನ ಮನೆಯಲ್ಲಿದ್ದಾಗ ತಾನೇ ಹಿಡಿದದ್ದು. ಸೋಮವಾರ ಮೌನ. ಬೆಳಗ್ಗೆ ವಿಭೂತಿ ಇಟ್ಟುಕೊಂಡರೆ ಸಂಜೆ ದೀಪ ಹಚ್ಚುವವರೆಗೆ ತುಟಿ ತೆರೆಯುತ್ತಿರಲಿಲ್ಲ. ಮನೆಯಲ್ಲಿ ತಮ್ಮನ ಹೆಂಡತಿಗೆ ಗೊತ್ತಿತ್ತು. ಹಾಲಿನವನಿಗೂ ಗೊತ್ತಿತ್ತು, ಸೋಮವಾರ ಅವನು ಬೆರಳು ತೋರಿಸಿಯೇ ಲೀಟರು ಕೇಳುತ್ತಿದ್ದ.

ಆ ರಾತ್ರಿಯಿಂದ ಅವಳಿಗೆ ಒಂದೇ ಯೋಚನೆ. ಟಿಕೆಟ್ ಬೇರೆ ದಿನಕ್ಕೆ ಬದಲಾಯಿಸು ಎನ್ನಲೇ? ಅಷ್ಟು ಸಂಭ್ರಮದಿಂದ ತೆಗೆದಿದ್ದಾನೆ, ಮನಸ್ಸು ನೊಂದೀತು. ಮೌನ ಮುರಿಯಲೇ? ಶಿವ ಬೈಯುವವನಲ್ಲ, ಅದು ಅವಳಿಗೆ ಗೊತ್ತು. ಆದರೆ ತಾಯಂದಿರೇ, ಯೋಚಿಸಿ. ಉಡುವ ಸೀರೆ ತಮ್ಮ ತಂದದ್ದು, ಮಲಗುವ ಕೋಣೆ ತಮ್ಮ ಕೊಟ್ಟದ್ದು, ನುಂಗುವ ಮಾತ್ರೆ ತಮ್ಮ ತರಿಸಿದ್ದು. ಆ ಮನೆಯಲ್ಲಿ ಅವಳೇ ಆರಿಸಿಕೊಂಡದ್ದು ಯಾವುದು? ಅದೊಂದು ಸೋಮವಾರ. ಅದನ್ನೂ ಬಿಡಬೇಕೇ?

ಎರಡು ಮೂರು ಸಲ ಬಾಯಿ ತೆರೆದಳು. ಒಮ್ಮೆ ಅವನು ಫೋನಿನಲ್ಲಿದ್ದ. ಒಮ್ಮೆ, "ಖರ್ಚಿನ ಮಾತಾ? ಅದು ಬೇಡ" ಎಂದು ನಕ್ಕು ಎದ್ದುಹೋದ.

ಸೋಮವಾರ ಬಂತು. ಹಿಂದಿನ ಸಂಜೆಯೇ ಹೋಗಿ ಆ ಊರಿನ ವಸತಿಗೃಹದಲ್ಲಿ ಇಳಿದುಕೊಂಡಿದ್ದರು. ತಮ್ಮ, ಅವನ ಹೆಂಡತಿ, ಅಕ್ಕ. ಕಡಿದಾದ ಮೆಟ್ಟಿಲನ್ನು ಅಕ್ಕ ಗೋಡೆ ಹಿಡಿದು ಹತ್ತಿದಳು. ಮೇಲೆ ಗುಮ್ಮಟದ ಒಳಗೋಡೆಗುಂಟ ಸುತ್ತಲೂ ನಡೆದಾಡುವ ಜಾಗ. ನಿಜಕ್ಕೂ ಯಾರೂ ಇರಲಿಲ್ಲ. ಎಷ್ಟು ನಿಶ್ಶಬ್ದವೆಂದರೆ ಸೀರೆಯ ಸರಭರವೂ ಸುತ್ತು ಹಾಕಿ ಬಂತು.

ತಮ್ಮ ಎದುರು ಬದಿಗೆ ಹೋಗಿ ಗೋಡೆಗೆ ಬಾಯಿಟ್ಟ. "ಅಕ್ಕಾ, ಕೇಳಿಸ್ತಾ?"

ಕೇಳಿಸಿತು. ಬಲಗಿವಿಗೆ ಸ್ಪಷ್ಟವಾಗಿ ಕೇಳಿಸಿತು. ಅವಳ ಮೈ ಜುಮ್ಮೆಂದಿತು.

"ಕೂಗಕ್ಕಾ!"

ಗಂಟಲವರೆಗೆ ಬಂದದ್ದನ್ನು ಅವಳು ನುಂಗಿದಳು. ಕೈ ಎತ್ತಿ ತುಟಿಯ ಮೇಲೆ ಇಟ್ಟಳು. ಆ ಮಬ್ಬಿನಲ್ಲಿ ಅಷ್ಟು ದೂರದವನಿಗೆ ಅದು ಕಂಡೀತೇ?

"ಕೂಗು ಅಂದ್ರೆ! ಅದಕ್ಕೇ ಅಲ್ವಾ ಬಂದಿದ್ದು!"

ಕೂಗು, ಕೂಗು, ಕೂಗು ಎಂದು ಗುಮ್ಮಟವೂ ಅವನ ಜೊತೆ ಸೇರಿ ಗದರಿಸಿತು. ಅಕ್ಕ ಕಣ್ಣು ಮುಚ್ಚಿಕೊಂಡಳು. ಅಷ್ಟರಲ್ಲಿ ಕಾವಲಿನವನು ಬಂದ. "ಟೈಮ್ ಆತ್ರೀ. ಕೆಳಗ ಮುಂದಿನವ್ರು ನಿಂತಾರ, ಇಳೀರಿ."

ಸಾಹುಕಾರ ಸುತ್ತಿಕೊಂಡು ಬಂದ. ಮುಖ ಕೆಂಪಾಗಿತ್ತು. "ಏನಕ್ಕಾ ಇದು? ಇಷ್ಟು ದೂರ ಕರ್ಕೊಂಡು ಬಂದಿದೀನಿ, ಒಂದ್ ಮಾತಾದ್ರೂ ಆಡಬಾರದಾ?"

ಅವನ ಹೆಂಡತಿ ತಡೆಯಲಾರದೆ ಅಂದಳು, "ಇವತ್ತು ಸೋಮವಾರ ಅಲ್ಲೇನ್ರೀ? ಅಕ್ಕ ಸೋಮವಾರ ಮಾತಾಡ್ತಾರಾ?"

"ಯಾವತ್ತಿಂದ?"

"ನಾನು ನಿಮ್ಮನೆಗೆ ಬರೋಕೆ ಮುಂಚಿನಿಂದ."

"ಮೊದಲೇ ಹೇಳೋಕೇನಾಗಿತ್ತು ನಿಂಗೆ?"

"ಟಿಕೆಟ್ ತಗೊಂಡ ದಿನವೇ ಶುರು ಮಾಡಿದ್ದೆ. 'ಅಕ್ಕನ ವಿಷಯದಲ್ಲಿ ಮೂಗು ತೂರಿಸ್ಬೇಡ' ಅಂದ್ರಿ."

"ಸುಳ್ಳು ಹೇಳ್ಬೇಡ ಕಣೆ. ದಿನಾ ಆಫೀಸಿಗೆ ಹೊರಡುವಾಗ ನಾನು ಅಕ್ಕನ್ನ ಮಾತಾಡಿಸ್ತೀನಿ. ಊಟ ಆಯ್ತಾ ಅಂತೀನಿ, ಮಾತ್ರೆ ತಗೊಂಡ್ಯಾ ಅಂತೀನಿ. ಸೋಮವಾರಾನೂ ಅಂತೀನಿ!"

"ಅಂತೀರಿ. ಉತ್ತರ ಬರೋವರೆಗೆ ಯಾವತ್ತು ನಿಂತಿದೀರಿ?"

ಸಾಹುಕಾರ ಅಕ್ಕನ ಮುಖ ನೋಡಿದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಅವನ ತೋಳು ತಟ್ಟಿ, ಮೆಟ್ಟಿಲಿನ ಕಡೆ ತಿರುಗಿದಳು.

ಕೆಳಗೆ ಬಂದು ಅವನು ಯಾರ್ಯಾರಿಗೋ ಫೋನು ಮಾಡಿದ. ನಾಳೆಗೆ ಸಿಗುತ್ತದೆಯೇ? ಇಲ್ಲ. ನಾಡಿದ್ದು? ಅದೂ ಭರ್ತಿ, ಶಾಲೆಗಳ ಪ್ರವಾಸವಂತೆ.

ಸಂಜೆ ಅಕ್ಕ ವಸತಿಗೃಹದ ಕೋಣೆಯಲ್ಲಿ ದೀಪ ಹಚ್ಚಿ ಕೈಮುಗಿದಳು. ಅವಳು ತಿರುಗುವವರೆಗೆ ತಮ್ಮ ಕಾದ. ಆಮೇಲೆ ನೆಲದ ಮೇಲೆ ಅವಳ ಎದುರಿಗೇ ಕುಳಿತ.

"ಅಕ್ಕಾ, ಮತ್ತೆ ಬರೋಣ. ಯಾವ ದಿನ?"

ಅಕ್ಕ ಕೂಡಲೇ ಹೇಳಲಿಲ್ಲ. ಅಭ್ಯಾಸವಿಲ್ಲ ನೋಡಿ. ಇವನು ಈಗ ಎದ್ದಾನು, ಆಗ ಎದ್ದಾನು ಎಂದು ಅವನ ಮೊಣಕಾಲನ್ನೇ ನೋಡುತ್ತಿದ್ದಳು. ಫೋನು ಹೊಡೆದುಕೊಂಡಿತು. ಅವನು ಅದನ್ನು ಬೋರಲು ಹಾಕಿದ. ಏಳಲಿಲ್ಲ.

"ಭಾನುವಾರ" ಎಂದಳು.

"ಭಾನುವಾರಾನಾ? ಆ ಗದ್ದಲದಲ್ಲಿ..." ಎಂದು ಶುರುಮಾಡಿದವನು ತಡೆದುಕೊಂಡ. "ಯಾಕಕ್ಕಾ?" ಎಂದು ಕೇಳಿ ಮತ್ತೆ ಕಾದ.

"ನೀನು ಯಾರೂ ಇಲ್ಲದ ಹೊತ್ತು ಹುಡುಕಿ ನನ್ನೊಬ್ಬಳನ್ನೇ ನಿಲ್ಲಿಸಿದ್ರೆ ನಂಗೆ ನಾಚ್ಕೆ ಆಗಲ್ವೇನೋ? ಎಲ್ಲರೂ ಕೂಗುವಾಗ ನಾನೂ ಕೂಗ್ತೀನಿ. ಅದರಲ್ಲಿ ನಂದು ಯಾವುದು ಅಂತ ನಂಗೆ ಗೊತ್ತಾಗುತ್ತೆ ಬಿಡು."

ಭಾನುವಾರದ ಟಿಕೆಟ್ ತಕ್ಷಣ ಸಿಗಲಿಲ್ಲ. ವಾರಗಳು ಕಳೆದವು, ಬಲಗಿವಿ ಇನ್ನಷ್ಟು ಮಂದವಾಯಿತು. ಕೊನೆಗೆ ಹೋದರು. ಮಕ್ಕಳ ಕೇಕೆ, ಶಿಳ್ಳೆಗಳ ನಡುವೆ ಅಕ್ಕ ಗೋಡೆ ಹಿಡಿದು, ಉಸಿರು ತುಂಬಿಕೊಂಡು, "ಓ..." ಎಂದು ಕೂಗಿದಳು. ತಮ್ಮ ಪಕ್ಕದಲ್ಲೇ ನಿಂತಿದ್ದ. ದನಿ ತಿರುತಿರುಗಿ ಬರುವುದು ಅವನಿಗೆ ಕೇಳಿಸಿತು. ಎಷ್ಟು ಸಲ ಎಂದು ಅವನು ಹೇಳಹೋಗಲಿಲ್ಲ. ಕೇಳಿದ, "ನಿನಗೆಷ್ಟು ಕೇಳಿಸ್ತಕ್ಕಾ?"

ಅಕ್ಕ ನಗುತ್ತ ಎರಡು ಬೆರಳು ತೋರಿಸಿದಳು.

ಎರಡೇ. ಸೋಮವಾರದ ಬದಲು ಆಗಲೇ ಬೇರೊಂದು ದಿನ ಬಂದಿದ್ದರೆ ಇನ್ನೂ ಹೆಚ್ಚು ಕೇಳಿಸುತ್ತಿತ್ತು. ಕೇಳದೆ ಹೋದದ್ದನ್ನು ಯಾವ ಮುಂಗಡ ಕೊಟ್ಟು ಮರಳಿ ತರುತ್ತೀರಿ?

ಈಗ ನಿಮ್ಮ ನಿಮ್ಮ ಮನೆಗೆ ಬನ್ನಿ. ರಜೆಗೆ ಎಲ್ಲಿಗೆಂದು ಗೊತ್ತುಮಾಡಿದವರು ಯಾರು? ಅತ್ತೆಯ ಕಣ್ಣಿನ ಆಪರೇಷನ್ನಿಗೆ ದಿನ ಹಿಡಿದವರು ಯಾರು? ಮಗಳನ್ನು ಯಾವ ಕೋರ್ಸಿಗೆ ಸೇರಿಸಬೇಕೆಂದು ತೀರ್ಮಾನಿಸಿದವರು ಯಾರು? "ಅವರೇನೂ ಬೇಡ ಅನ್ನಲಿಲ್ಲವಲ್ಲ" ಎನ್ನುತ್ತೀರಿ. ಕೊಡುವವರ ಮುಖ ನೋಡಿಕೊಂಡು ಬೇಡ ಎನ್ನುವುದು ಎಷ್ಟು ಕಷ್ಟವೆಂದು ಕೊಡುವವರಿಗೆ ಗೊತ್ತಾಗುವುದಿಲ್ಲ. ಈ ಸಭೆಯಲ್ಲಿ ತೆಗೆದುಕೊಂಡು ಬದುಕಿದವರಿಗೆ ಗೊತ್ತು, ಅವರೀಗ ತಲೆ ತಗ್ಗಿಸಿ ಕುಳಿತಿದ್ದಾರೆ.

ಆದ್ದರಿಂದ ಇಷ್ಟು ಮಾಡಿ. ಯಾರಿಗಾಗಿ ಏನೇ ಕೊಳ್ಳುವುದಿದ್ದರೂ, ಹಣ ಕಟ್ಟುವ ಮುಂಚೆ ಅವರ ಹತ್ತಿರ ಹೋಗಿ. ಬಾಗಿಲಲ್ಲಿ ನಿಂತು ಕೇಳಬೇಡಿ, ಕುಳಿತು ಕೇಳಿ. "ನೀನು ಹೇಳಿದಂಗೇ ಆಗ್ಲಿ" ಎಂದರೆ ಅದನ್ನು ಉತ್ತರವೆಂದು ಎಣಿಸಬೇಡಿ, ಇನ್ನೊಮ್ಮೆ ಕೇಳಿ. ಅವರು ಯೋಚಿಸಲಿ, ತಡವರಿಸಲಿ, ಗಂಟಲು ಸರಿಮಾಡಿಕೊಳ್ಳಲಿ. ತಮಗೆ ಬೇಕಾದ್ದನ್ನು ಅವರ ಬಾಯಿಂದ ಅವರೇ ಹೇಳುವವರೆಗೆ ನೀವು ಕುಳಿತಲ್ಲಿಂದ ಏಳಬೇಡಿ.