ಬೆವರು ಆರದ ಕುದರಿ

ಇದು ಕಟ್ಟುಕತಿ ಅಲ್ರಿ, ನಮ್ಮ ಓಣಿ ಯಮನೂರಪ್ಪಗ ಆದದ್ದು. ನರಗುಂದದ ಕ್ವಾಟಿ ಇಂಗ್ರೇಜರ ಕೈಗೆ ಬಿದ್ದ ವರ್ಷ, ಬನ್ನಿ ಮುಡದ ಮರುದಿನ ರಾತ್ರಿ, ಶಿರೋಳದಿಂದ ಒಬ್ಬನ ನಡಕೋತ ಬರಾಕತ್ತಿದ್ದ. ದಾರ್ಯಾಗ ಅರಸರ ಕುದರಿ ಲಾಯದ ಬಾವಿ, ಅಂವ ಚಾಕರಿ ಮಾಡಿದ ಜಾಗಾ. ಅಲ್ಲಿಗೆ ಬಂದ್ರ ಅವನ ಕಾಲ ಏಳ್ತಿದ್ದಿಲ್ಲ.

ಯಾಕಂದ್ರ... ಹ್ವಾದ ವರ್ಷ ಇದ ದಿನ ಅಲ್ಲಿ ಮುದಿ ಕುದರಿ ಶರ್ಯತ್ತು ಆಗಿತ್ತು. ವರ್ಷಾ ವರ್ಷಾ ಆಗೂದು. ಹತ್ತು ವರ್ಷ ದಾಟಿದ ಜಾತಿ ಕುದರಿ ಅಷ್ಟ ಓಡೂದು. ಗೆದ್ದದ್ದಕ್ಕ ಸಾಯೂತನಕ ಲಾಯದಾಗ ಮೇವು, ಸೋತದ್ದು ಹೇರು ಹೊರಾಕ. ಮರಿ ಇದ್ದಾಗಿಂದ ಯಮನೂರಪ್ಪ ಸಾಕಿದ ಹೆಣ್ಣಗುದರಿ ಚಂಪಿ ಗೆದ್ದುಬಿಡ್ತು. ಮೈತುಂಬ ನೊರಿ. ಬಾವಿ ಕಡೆ ಎಳೀತು. ಓಡಿದ ಕುದರೀನ ಬೆವರ ಆರೂತನಕ ಅಡ್ಡಾಡಸಬೇಕು, ಆಮ್ಯಾಲ ನೀರು. ಲಾಯದ ಕೂಸಿಗೂ ಗೊತ್ತಿದ್ದ ಮಾತು. ಆದ್ರ ಅದರ ಮಾರಿ ನೋಡಿದ ಕೂಡ್ಲೆ ಇವನ ಕರಳು ಚುರ್ ಅಂತು. ಒಂದ ಕೊಡ ಕುಡಿಸಿದ. ಹೊಟ್ಟಿಶೂಲಿ ಹತ್ತಿ ಬೆಳಗಾಗೂದ್ರಾಗ ಸತ್ತಹೋತು. ಅವತ್ತಿಂದ ಅಂವ ಹೊಟ್ಟಿತುಂಬ ಉಂಡಿದ್ದಿಲ್ಲ.

ಈ ವರ್ಷ ಅರಸರೂ ಇಲ್ಲ, ಶರ್ಯತ್ತೂ ಇಲ್ಲ, ಲಾಯನ ಖಾಲಿ. ಅಂವ ತಲಿ ಬಗ್ಗಿಸಿ ಬಾವಿ ದಾಟಿದ. ಹಿಂದ... ದಬ್. ದಬ್. ಎರಿಮಣ್ಣಾಗ ಗೊರಸಿನ ಸಪ್ಪಳ. ಆಮ್ಯಾಲ ಫುರ್ರ್ ಅಂತ ಉಸರು. ಕುತಗಿಗೆ ಬಿಸಿ ತಾಕಿತು.

ತಿರಗಿ ನೋಡಿದ. ಬೆಳದಿಂಗಳು, ಹೊಲ... ಮತ್ತೇನಿಲ್ಲ. ಕೈ ಚಾಚಿದ. ಕಾಣಲಾರದ ಮೈ ಕೈಗೆ ಹತ್ತಿತು. ತೊಪ್ಪನ ತೊಯ್ದಿತ್ತು.

ಬ್ಯಾರೆಯವ್ರಾಗಿದ್ರ ಎದಿ ಒಡಕೊಂಡು ಸಾಯ್ತಿದ್ರು. ಇಂವ ಓಡಲಿಲ್ಲ.

"ಇನ್ನೂ ಆರಿಲ್ಲೇನವ್ವಾ?" ಅಂತ ಪಿಸುಗುಟ್ಟಿದ. "ಬಾ... ಈ ಸಲ ಅವಸರ ಮಾಡೂದಿಲ್ಲ."

ಬಾವಿ ಸುತ್ತ ಅಡ್ಡಾಡಿಸಿದ. ಕುದರಿಗೆ ನೀರ ಹಾಕೂ ಕಲ್ಲಿನ ದೋಣಿ ಹತ್ರ ಬಂದಾಗೊಮ್ಮೆ ಅದು ನಿಲ್ಲತಿತ್ತು, ನೀರಿಗೆ. ಇವಗ ಜೀವ ಹಿಂಡಿದಂಗ ಆಗ್ತಿತ್ತು, ಆದ್ರೂ ಮುಂದ ನಡಸ್ತಿದ್ದ. ಚಂದ್ರ ಮುಳಗಿದ. ಬೆಳ್ಳಿ ಚುಕ್ಕಿ ಮೂಡೂ ಹೊತ್ತಿಗೆ ಎದಿ ಮುಟ್ಟಿ ನೋಡಿದ... ಆರಿತ್ತು. ನೀರ ಸೇದಿ ದೋಣಿಗೆ ಸುರವಿದ. ಸುರ್... ಸುರ್... ಕುಡಿಯೂ ಸಪ್ಪಳ. ಯಮನೂರಪ್ಪ ಕೂಸಿನಗತೆ ಅತ್ತ.

ಮುಂಜಾನೆ ಹೇಣ್ತಿ ಗುಡ್ಡವ್ವ ಹುಡುಕ್ಕೋತ ಬಂದಾಗ ಅಂವ ದೋಣಿಗೆ ಆತು ಕೂತಲ್ಲೇ ನಿದ್ದಿ ಹೋಗಿದ್ದ. ಮಣ್ಣಾಗ ಸುತ್ತೂಕಡೆ ಅವನ ಹೆಜ್ಜಿ ಅಷ್ಟ. ಗೊರಸಿನ ಗುರುತ ಒಂದೂ ಇಲ್ಲ. ತಲಿ ಕೆಟ್ಟೈತಿ ಅಂದ್ರು ಮಂದಿ. ಅನ್ನವಲ್ರ್ಯಾಕ. ಅಂಗಿ ಎಲ್ಲಾ ಒಣಗಿತ್ತು, ಎಡಗಡೆ ಹೆಗಲಷ್ಟ ತೊಯ್ದಿತ್ತು. ಚಂಪಿ ದಿನಾ ನೀರ ಕುಡದು ಗದ್ದ ಊರತಿದ್ದ ಜಾಗಾ. ಗುಡ್ಡವ್ವ ಕೈಯಾರೆ ಹಿಂಡಿದ್ಲು, ನೀರ ಇಳೀತು. ಹಿಂಡಿದಾಕಿ ಇನ್ನೂ ಅದಾಳ. ಹೋಗಿ ಕೇಳ್ರಿ.